ನಾಲ್ಕು ಕೆಜಿ ಕೇಕಿಗೆ ಹಣ ಕೊಟ್ಟೆ, ಕೆಳಗಿನದಷ್ಟೂ ಥರ್ಮಾಕೋಲ್: ಹುಬ್ಬಳ್ಳಿ-ಧಾರವಾಡದವರು ದಯವಿಟ್ಟು ಓದಿ

ಮೊನ್ನೆ ಭಾನುವಾರ ನಮ್ಮ ಅವ್ವನಿಗೆ 75 ತುಂಬಿತು. ನಲವತ್ತೈದು ಜನ ಬಂಧುಗಳ ಮುಂದೆ ಅವ್ವ ಕೇಕಿಗೆ ಚಾಕು ಹಾಕಿದಾಗ ಒಳಗಿನಿಂದ ಕಿರ್ರೆಂದು ಸದ್ದು ಬಂತು. ಚಾಕು ಇಳಿಯಲಿಲ್ಲ. ಅವ್ವ ನನ್ನ ಮುಖ ನೋಡಿದಳು. ವಯಸ್ಸಾದವಳು, ಕೈಯಲ್ಲಿ ಬಲವಿಲ್ಲ ಎಂದುಕೊಂಡು ನಾನೂ ಅವಳ ಕೈ ಹಿಡಿದು ಒತ್ತಿದೆ. ಮತ್ತೆ ಅದೇ ಸದ್ದು. ಕ್ರೀಮಿನ ಒಂದು ಪದರ ಕಿತ್ತು ಬಂತು, ಅದರಡಿ ಬೆಳ್ಳಗೆ ಥರ್ಮಾಕೋಲ್. ಹೊಸ ಟಿವಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ ಥರ್ಮಾಕೋಲ್.

ಐದು ದಿನವಾಯಿತು. ಸಿಟ್ಟು ಇಳಿದಿಲ್ಲ. ನಾಚಿಕೆ ಅದಕ್ಕಿಂತ ಹೆಚ್ಚಾಗಿದೆ, ಏಕೆಂದರೆ ಕೇಕ್ ಬೇಕೇಬೇಕು ಎಂದು ಹಟ ಹಿಡಿದವಳು ನಾನು. ಅವ್ವ ಮೊದಲ ದಿನವೇ ಹೇಳಿದ್ದಳು: "ಹೋಳಿಗೆ ಮಾಡೋಣ, ಆರತಿ ಮಾಡಿ ಮುಗಿಸೋಣ, ನನಗೇಕೆ ಈ ಕೇಕು?" ನಾನು ಕೇಳಲಿಲ್ಲ. ಗದಗದಿಂದ ಅಕ್ಕ, ಹಾವೇರಿಯಿಂದ ಕಾಕಾ, ಚಿಗವ್ವ ಎಲ್ಲರೂ ಬರುತ್ತಾರೆ, ಮೊಮ್ಮಕ್ಕಳಿಗೆ ಖುಷಿಯಾಗುತ್ತದೆ, ನಾನೇ ಎಲ್ಲ ನೋಡಿಕೊಳ್ಳುತ್ತೇನೆ ಎಂದೆ.

ನೋಡಿಕೊಂಡಿದ್ದೂ ನಿಜ. ಕಣ್ಣು ಮುಚ್ಚಿ ಎಲ್ಲಿಯೋ ಹೋಗಿ ಆರ್ಡರ್ ಕೊಟ್ಟವಳಲ್ಲ ನಾನು. ಎರಡು ವಾರ ಕಚೇರಿ ಮುಗಿಸಿ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಕಡೆ ತಿರುಗಿದೆ. ಐದು ಬೇಕರಿಗಳಲ್ಲಿ ಒಂದೊಂದು ಪೇಸ್ಟ್ರಿ ಕೊಂಡು ತಿಂದು ಹೋಲಿಸಿದೆ. ಕೊಪ್ಪೀಕರ್ ರಸ್ತೆಯ ಕಡೆ ಒಂದರಲ್ಲಿ ಸ್ಪಂಜು ಮೆತ್ತಗಿತ್ತು, ಆದರೆ ಬಾಯಲ್ಲಿ ಎಸೆನ್ಸ್ ವಾಸನೆ ಬಿಟ್ಟು ಬೇರೇನೂ ಉಳಿಯಲಿಲ್ಲ. ವಿದ್ಯಾನಗರದ ಕಡೆ ಇನ್ನೊಂದರಲ್ಲಿ ರೆಡ್ ವೆಲ್ವೆಟ್ ತಿಂದರೆ ನಾಲಿಗೆ, ತುಟಿ, ಟಿಶ್ಯೂ ಕಾಗದ ಎಲ್ಲವೂ ಕೆಂಪು. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12ರಲ್ಲಿ ಅಪಾಯಕಾರಿ ಕೃತಕ ಬಣ್ಣ ಸಿಕ್ಕಿತ್ತಲ್ಲ, ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಪತ್ರಿಕೆಯಲ್ಲಿ ಬಂದಿತ್ತಲ್ಲ, ಅದು ನೆನಪಾಗಿ ಅರ್ಧಕ್ಕೇ ಬಿಟ್ಟು ಎದ್ದೆ. ಧಾರವಾಡದ ಸುಭಾಷ್ ರಸ್ತೆಯ ಹತ್ತಿರ ಒಂದರಲ್ಲಿ ಮೊಟ್ಟೆಯಿಲ್ಲದ ಕೇಕ್ ಕೊಟ್ಟರು, ಸೋಡಾ ಎಷ್ಟು ಸುರಿದಿದ್ದರೋ, ನುಂಗುವಾಗ ಸಾಬೂನಿನ ರುಚಿ.

ನಾಲ್ಕನೆಯದು ನಮ್ಮ ಓಣಿಯ ಹಳೆಯ ಬೇಕರಿ. ಖಾರಾ ಬ್ರೆಡ್, ಟೋಸ್ಟ್, ಖಾರಿ, ದಿಲ್‌ಪಸಂದ್ ಮಾಡುವವರು. ಅವರ ಕೇಕಿನ ರುಚಿಯ ಬಗ್ಗೆ ನನಗೆ ಎಂದೂ ತಕರಾರಿಲ್ಲ. ಬೇಕರಿ ಕಾಕಾ ನನ್ನ ಮಾತು ಪೂರ್ತಿ ಕೇಳಿ ಹೇಳಿದರು: "ನೋಡವ್ವಾ, ಎರಡು ಅಂತಸ್ತು ನನಗೆ ಬರುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಹಾಲಿನ ಕೆನೆಯ ಕ್ರೀಮ್ ನಿಲ್ಲುವುದೂ ಇಲ್ಲ, ಅರ್ಧ ತಾಸಿನಲ್ಲಿ ಇಳಿದುಬಿಡುತ್ತದೆ. ಚೌಕಾಕಾರದಲ್ಲಿ ನಾಲ್ಕು ಕೆಜಿ ಮಾಡಿಕೊಡುತ್ತೇನೆ, ಕತ್ತರಿಸುವ ಹೊತ್ತಿಗೆ ನಾನೇ ತಂದಿಡುತ್ತೇನೆ." ಅಷ್ಟು ಚೊಕ್ಕವಾಗಿ ಹೇಳಿದರು. ನನಗೆ ಅಂತಸ್ತು ಬೇಕಿತ್ತು. ಫೋಟೊದಲ್ಲಿ ಚೆಂದ ಕಾಣಬೇಕಿತ್ತು. ಬೇಡವೆಂದು ಬಂದೆ.

ಐದನೆಯದೇ ಈ ಅಂಗಡಿ. ಹೆಸರು ಬರೆಯುವುದಿಲ್ಲ, ದೂರು ಕೊಟ್ಟಿದ್ದೇನೆ, ಅದು ನಡೆಯುತ್ತಿದೆ. ಹೊಸದು, ಗಾಜಿನ ಬಾಗಿಲು, ಎಸಿ, ಗೋಡೆಯ ತುಂಬ ಕೇಕುಗಳ ಫೋಟೊ. ಅಲ್ಲಿ ತಿಂದ ಅನಾನಸ್ ಪೇಸ್ಟ್ರಿ ಐದರಲ್ಲೂ ಒಳ್ಳೆಯದಾಗಿತ್ತು, ಅದನ್ನು ಈಗಲೂ ಒಪ್ಪುತ್ತೇನೆ. ಕ್ರೀಮ್ ನಾಲಿಗೆಯ ಮೇಲೆ ಇಟ್ಟ ಕೂಡಲೇ ಕರಗಿತು, ಅಂಗುಳಿಗೆ ಜಿಡ್ಡು ಹತ್ತಲಿಲ್ಲ. "ಇದೇ ಕ್ರೀಮ್, ಇದೇ ಸ್ಪಂಜು, ಮೊಟ್ಟೆಯಿಲ್ಲದ್ದು, ನಾಲ್ಕು ಕೆಜಿ, ಎರಡು ಅಂತಸ್ತು" ಎಂದು ಒಂದೊಂದನ್ನೂ ಬಿಡಿಸಿ ಹೇಳಿದೆ. ಅಂಗಡಿಯ ಹುಡುಗ ತಲೆಯಾಡಿಸಿದ. ಕೆಜಿಗೆ 850 ರೂಪಾಯಿ, ಅಲಂಕಾರಕ್ಕೆ 400, ಒಟ್ಟು 3,800. ಮುಂಗಡ ಎರಡು ಸಾವಿರ ಅಲ್ಲಿಯೇ ಫೋನಿನಿಂದ ಕಳಿಸಿದೆ. ಅವನು ಒಂದು ಚೀಟಿ ಬರೆದುಕೊಟ್ಟ. ಚೀಟಿ. ಬಿಲ್ ಅಲ್ಲ. ಆ ವ್ಯತ್ಯಾಸವನ್ನು ನಾನು ಅಂದೇ ಗಮನಿಸಬೇಕಿತ್ತು.

ಭಾನುವಾರ ಸಂಜೆ ನಾಲ್ಕಕ್ಕೆ ಕೇಕ್ ಬಂತು. ತಂದ ಹುಡುಗ ಪೆಟ್ಟಿಗೆಯನ್ನು ಒಂದೇ ಕೈಯ ಮೇಲೆ ಇಟ್ಟುಕೊಂಡು ಮೆಟ್ಟಿಲು ಹತ್ತಿ ಮೇಲ್ಮಾಳಿಗೆಗೆ ಬಂದ. ನಾಲ್ಕು ಕೆಜಿಯ ಕೇಕನ್ನು ಒಂದೇ ಕೈಯಲ್ಲಿ! ಕಣ್ಣಾರೆ ಕಂಡಿದ್ದೇನೆ, ಆದರೂ ಹೊಳೆಯಲಿಲ್ಲ. ಬಾಕಿ 1,800 ಕೊಟ್ಟು, ಅವನಿಗೆ ಕುಡಿಯಲು ಮಜ್ಜಿಗೆಯನ್ನೂ ಕೊಟ್ಟು ಕಳಿಸಿದೆ. ಬಿಸಿಲಿನ ಝಳ ಇನ್ನೂ ಇತ್ತು. ಆರೂವರೆಯವರೆಗೆ ಕೇಕ್ ಮೇಜಿನ ಮೇಲೆಯೇ ಇತ್ತು, ಕ್ರೀಮಿನ ಒಂದು ಹೂವೂ ಬಾಗಲಿಲ್ಲ. ಬಂದವರೆಲ್ಲ ಹೊಗಳಿದರು, ನಾನು ಬೀಗಿದೆ. ಬೇಕರಿ ಕಾಕಾ ಹೇಳಿದ ಮಾತು ಆಗಲಾದರೂ ನೆನಪಿಗೆ ಬರಬೇಕಿತ್ತು: ಹಾಲಿನ ಕ್ರೀಮ್ ಇಳಿಯುತ್ತದೆ. ಇಳಿಯದೆ ನಿಲ್ಲುವುದು ಸಸ್ಯಜನ್ಯ ಎಣ್ಣೆಯ ಕ್ರೀಮ್. ಅದರ ಬೆಲೆಯೇ ಬೇರೆ, ಕಡಿಮೆ.

ಅವ್ವ ಕುರ್ಚಿಯಲ್ಲಿ ಕುಳಿತಿದ್ದಳು. ಮೇಲಿನ ಅಂತಸ್ತು ಅವಳ ಕೈಗೆ ಎತ್ತರ. ಹಾಗಾಗಿ ಕೆಳಗಿನದಕ್ಕೆ ಚಾಕು ಹಾಕಿದಳು. ಮುಂದಿನದು ಹೇಳಿದ್ದೇನೆ. ಒಂದು ಕ್ಷಣ ಯಾರೂ ಮಾತನಾಡಲಿಲ್ಲ, ಅಣ್ಣನ ಮಗ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಲೇ ಇದ್ದ. ಆಮೇಲೆ ಚಿಕ್ಕ ಮಕ್ಕಳು ನಕ್ಕರು. ಚಿಗವ್ವ ಬಂದು ಬೆರಳಿನಿಂದ ಕ್ರೀಮ್ ಸರಿಸಿ ನೋಡಿ, "ಇದೇನೇ ಇದು, ಪೆಟ್ಟಿಗೆಯ ಒಳಗಿನದು?" ಎಂದಳು. ಅವ್ವ ಮಾತ್ರ ನನ್ನ ಮರ್ಯಾದೆ ಉಳಿಸಲು "ಇರಲಿ ಬಿಡು, ಮೇಲಿನದನ್ನೇ ಕತ್ತರಿಸುತ್ತೇನೆ" ಎಂದು ಎದ್ದು ನಿಂತಳು. ಮೊಣಕಾಲು ನೋವಿನವಳು, ಮೇಜು ಹಿಡಿದು ಎದ್ದು ನಿಂತಳು. ಆ ಹೊತ್ತಿನಲ್ಲಿ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಮೇಲಿನದು ಒಂದೂವರೆ ಕೆಜಿ ಇದ್ದೀತು. ನಲವತ್ತೈದು ಜನಕ್ಕೆ ಎಲ್ಲಿಂದ ಸಾಕು? ಮಕ್ಕಳಿಗೆ ಕೊಟ್ಟು ಮುಗಿಯಿತು. ನಾನು ಒಂದು ಚೂರು ಬಾಯಿಗೆ ಹಾಕಿಕೊಂಡೆ. ಪೇಸ್ಟ್ರಿಯ ಕ್ರೀಮ್ ಅಲ್ಲ, ಖಂಡಿತ ಅಲ್ಲ. ಡಾಲ್ಡಾಕ್ಕೆ ಸಕ್ಕರೆ ಬೆರೆಸಿ ತಿಂದಂತೆ ಅಂಗುಳಿಗೆ ಅಂಟಿಕೊಂಡಿತು, ಬಿಸಿ ಚಹಾ ಕುಡಿದ ಮೇಲೆಯೇ ಬಿಟ್ಟಿತು. ಸ್ಪಂಜಿಗೆ ಸಕ್ಕರೆ ಪಾಕ ಸುರಿದಿದ್ದರು, ಹಳೆಯ ಸ್ಪಂಜಿನ ಒಣಕಲು ಗೊತ್ತಾಗಬಾರದೆಂದು. ನನ್ನ ತಮ್ಮ ಬೈಕ್ ಹತ್ತಿ ಓಡಿದ. ಎಲ್ಲಿಗೆ? ಓಣಿಯ ಹಳೆಯ ಬೇಕರಿಗೇ. ಅಂಗಡಿಯಲ್ಲಿದ್ದ ಹನಿ ಕೇಕ್, ದಿಲ್‌ಪಸಂದ್ ಎಲ್ಲವನ್ನೂ ಕಾಕಾ ಕಟ್ಟಿಕೊಟ್ಟರು. ಒಂದು ಮಾತೂ ಕೇಳಲಿಲ್ಲವಂತೆ.

ರಾತ್ರಿ ಆ ಅಂಗಡಿಗೆ ಏಳು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬೆಳಗ್ಗೆ ಥರ್ಮಾಕೋಲ್ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ನಲವತ್ತು ನಿಮಿಷ ಕೂರಿಸಿದರು. ಆಮೇಲೆ ಮಾಲೀಕ ಬಂದ. ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ, ನೀವೇ ನೋಡಿ.

"ಮೇಡಂ, ಎರಡು ಅಂತಸ್ತಿನ ಕೇಕ್ ಎಂದರೆ ಕೆಳಗೆ ಡಮ್ಮಿ ಇದ್ದೇ ಇರುತ್ತದೆ. ಎಲ್ಲರಿಗೂ ಗೊತ್ತಿರುವ ವಿಷಯ."

ನನಗೆ ಗೊತ್ತಿರಲಿಲ್ಲ, ನೀವು ಹೇಳಲಿಲ್ಲ ಎಂದೆ. "ನೀವು ಕೇಳಲಿಲ್ಲ." ಡಮ್ಮಿ ಇದ್ದರೆ ನಾಲ್ಕು ಕೆಜಿಗೆ ಏಕೆ ಹಣ ತೆಗೆದುಕೊಂಡಿರಿ ಎಂದೆ. "ಅದು ನಾಲ್ಕು ಕೆಜಿ ಲುಕ್, ಮೇಡಂ. ಚೀಟಿ ನೋಡಿ." ನೋಡಿದೆ. 4 ಕೆಜಿ ಎಂದು ದೊಡ್ಡದಾಗಿ ಬರೆದು, ಪಕ್ಕದಲ್ಲಿ ಇರುವೆಯಷ್ಟು ಚಿಕ್ಕದಾಗಿ ‘ಲುಕ್’ ಎಂದು ಗೀಚಿದ್ದ. ಹುಡುಗನ ಸಹಿ ಇರಬೇಕು ಎಂದುಕೊಂಡಿದ್ದೆ. ಆಗ ಗೊತ್ತಾಯಿತು, ಇದು ಮರೆವಿನಿಂದ ಆದದ್ದಲ್ಲ, ಮೊದಲ ದಿನವೇ ಯೋಚಿಸಿ ಮಾಡಿದ್ದು. ಕೇಕ್ ಕತ್ತರಿಸುವಾಗಿನ ಅವಮಾನಕ್ಕಿಂತ ಆ ಎರಡಕ್ಷರ ನೋಡಿದಾಗ ಹೊಟ್ಟೆ ಹೆಚ್ಚು ಉರಿಯಿತು.

ಇಷ್ಟಕ್ಕೇ ನಿಲ್ಲಲಿಲ್ಲ. "ಕೆಳಗಿನದನ್ನು ಯಾರು ಕತ್ತರಿಸುತ್ತಾರೆ ಮೇಡಂ? ಮೇಲಿನದನ್ನು ಕತ್ತರಿಸಬೇಕು. ಡಮ್ಮಿಗೂ ನಮ್ಮ ಕ್ರೀಮ್ ಖರ್ಚಾಗಿದೆ." ಎಪ್ಪತ್ತೈದು ವರ್ಷದ ಅವ್ವನದೇ ತಪ್ಪು ಎಂಬಂತೆ! ಕ್ರೀಮ್ ಬೇರೆಯಾಗಿತ್ತಲ್ಲ ಎಂದರೆ, ಪೇಸ್ಟ್ರಿಯ ಕ್ರೀಮ್ ಬೇರೆ, ಥೀಮ್ ಕೇಕಿನ ಕ್ರೀಮ್ ಬೇರೆ ಎಂದ. ಹಾಗಾದರೆ ಪೇಸ್ಟ್ರಿ ತಿನ್ನಿಸಿದ್ದು ಏಕೆ? ಅದಕ್ಕೆ ಉತ್ತರವಿಲ್ಲ, ಫೋನ್ ನೋಡಿಕೊಂಡು ಕುಳಿತ.

ಕೊನೆಗೆ ಮೊಟ್ಟೆಯ ಮಾತು ಕೇಳಿದೆ. ನಮ್ಮ ಮನೆಯಲ್ಲಿ ಮೊಟ್ಟೆ ಒಳಗೆ ಬರುವುದಿಲ್ಲ, ಅವ್ವನಂತೂ ಜನ್ಮದಲ್ಲಿ ಮುಟ್ಟಿದವಳಲ್ಲ. ತೂಕದಲ್ಲಿ ಸುಳ್ಳು ಹೇಳಿದವರು ಇದರಲ್ಲಿ ನಿಜ ಹೇಳುತ್ತಾರೆಂದು ಹೇಗೆ ನಂಬುವುದು? "ನಮ್ಮಲ್ಲಿ ಎಲ್ಲವೂ ಎಗ್‌ಲೆಸ್" ಎಂದ. ಅವನ ಬೆನ್ನ ಹಿಂದಿನ ಗಾಜಿನಲ್ಲಿ ಎಗ್ ಪಫ್ಸ್ ಸಾಲಾಗಿ ಇಟ್ಟಿದ್ದರು. ಅವುಗಳನ್ನು ತೋರಿಸಿದೆ. "ಅದು ಹೊರಗಿನಿಂದ ಬರುತ್ತದೆ" ಎಂದ. ಈ ಅನುಮಾನ ನನ್ನನ್ನು ಇವತ್ತಿಗೂ ಕೊರೆಯುತ್ತಿದೆ. ಹಣ ಹೋದರೆ ಹೋಗಲಿ, ಅವ್ವನ ಬಾಯಿಗೆ ನಾನೇ ನನ್ನ ಕೈಯಾರೆ ಇಟ್ಟ ತುತ್ತು ಅದು. ಅವಳಿಗೆ ಈ ಅನುಮಾನ ಹೇಳಿಲ್ಲ, ಹೇಳುವುದೂ ಇಲ್ಲ.

ಬಿಲ್ ಕೊಡಿ ಎಂದೆ. "ಬಿಲ್ ಬೇಕಾದರೆ ಜಿಎಸ್‌ಟಿ ಸೇರುತ್ತದೆ, ಶೇ 18 ಕಟ್ಟುತ್ತೀರಾ?" ಎಂದು ಹೆದರಿಸಿದ. ಇದೂ ಸುಳ್ಳು. 2025ರ ಸೆಪ್ಟೆಂಬರ್ 22ರಿಂದ ಕೇಕ್, ಪೇಸ್ಟ್ರಿ, ಬಿಸ್ಕತ್ತುಗಳ ಮೇಲಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಅದನ್ನು ಹೇಳಿದ ಮೇಲೆ ದನಿ ಸ್ವಲ್ಪ ಇಳಿಯಿತು, 500 ರೂಪಾಯಿಯ ಕೂಪನ್ ಮುಂದೆ ತಳ್ಳಿದ, ಮುಂದಿನ ಕೇಕಿಗೆ ಎಂದು. ಮುಂದಿನ ಕೇಕಿಗೆ! ಅಲ್ಲಿಯೇ ಬಿಟ್ಟು ಬಂದೆ. ಹಿಂದಿನಿಂದ ಅವನ ಮಾತು ಕೇಳಿಸಿತು: "ಕೇಕ್ ಎಲ್ಲ ತಿಂದು ಮುಗಿಸಿ ಬಂದಿದ್ದಾರೆ."

ನಾನು ಯೋಚಿಸಿದ್ದು ಇಷ್ಟು. ನಮ್ಮ ಧಾರವಾಡದ ಲೈನ್ ಬಜಾರಿನಲ್ಲಿ ಕಾಲು ಕೆಜಿ ಪೇಢೆ ಕೊಂಡರೂ ಕಣ್ಣೆದುರು ತೂಗಿ ಕೊಡುತ್ತಾರೆ, ನಾವೂ ಮುಳ್ಳು ನೋಡುತ್ತೇವೆ. ನೂರು ಗ್ರಾಂ ಶೇವು ಕೊಂಡರೂ ನೋಡುತ್ತೇವೆ. ಕೇಕನ್ನು ಮಾತ್ರ ಯಾರೂ ತೂಗುವುದಿಲ್ಲ. ಮೂರು ಸಾವಿರ, ನಾಲ್ಕು ಸಾವಿರ ಕೊಟ್ಟು ಪೆಟ್ಟಿಗೆ ತೆರೆದು ಹೂವು ನೋಡಿ, ಹೆಸರು ಸರಿಯಾಗಿ ಬರೆದಿದ್ದಾರೆಯೇ ನೋಡಿ, ಮುಚ್ಚಿ ತರುತ್ತೇವೆ. ಅವರಿಗೆ ಅದು ಚೆನ್ನಾಗಿ ಗೊತ್ತು.

ಆದ್ದರಿಂದ ಆರ್ಡರ್ ಕೊಡುವಾಗಲೇ "ತಿನ್ನುವ ಕೇಕ್ ಎಷ್ಟು ಕೆಜಿ, ಒಳಗೆ ಥರ್ಮಾಕೋಲ್ ಇದೆಯೇ" ಎಂದು ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ. ಅಂಗಡಿಯ ತಕ್ಕಡಿಯಲ್ಲಿಯೇ ಇಡಿಸಿ, ಹಲಗೆ ಮತ್ತು ಪೆಟ್ಟಿಗೆಯ ತೂಕ ಕಳೆಯಿರಿ. ಚೀಟಿ ಕೊಟ್ಟರೆ ಮುಂಗಡ ಕೊಡಬೇಡಿ. ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪರವಾನಗಿಯ 14 ಅಂಕಿಗಳ ಸಂಖ್ಯೆ ಇರಬೇಕು, 2022ರ ಜನವರಿಯಿಂದ ಅದು ಕಡ್ಡಾಯ. ಗಾಜಿನೊಳಗಿನ ಪೇಸ್ಟ್ರಿ ತಿಂದು ದೊಡ್ಡ ಕೇಕನ್ನು ಅಳೆಯಬೇಡಿ, ನಾನು ಅಳೆದು ಕೆಟ್ಟೆ.

ಮೋಸ ಹೋಗಿದ್ದರೆ ಸುಮ್ಮನಿರಬೇಡಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ತೂಕ ಮತ್ತು ಅಳತೆ ಇಲಾಖೆಗೂ ಬರೆದಿದ್ದೇನೆ. ಇದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಧಾರವಾಡದಲ್ಲಿಯೇ ಇದೆ, ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. 3,800 ರೂಪಾಯಿಗೆ ಅಷ್ಟೆಲ್ಲ ಏಕೆ ಎಂದು ಮನೆಯವರೇ ಕೇಳುತ್ತಿದ್ದಾರೆ. ಅವ್ವ ಮೇಜು ಹಿಡಿದು ಎದ್ದು ನಿಂತದ್ದನ್ನು ಅವರೂ ನೋಡಿದ್ದಾರೆ, ಆದರೂ ಕೇಳುತ್ತಾರೆ.

ಥರ್ಮಾಕೋಲ್ ತುಂಡನ್ನು ತೊಳೆದಿಲ್ಲ. ಚಾಕುವಿನ ಎರಡು ಗೀರುಗಳೂ, ಒಣಗಿದ ಕ್ರೀಮೂ ಹಾಗೆಯೇ ಇವೆ. ಚೀಟಿಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಡುಗೆಮನೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ಇರುವೆ ಬರುತ್ತವೆ, ಎಸೆದುಬಿಡು ಎಂದು ಅವ್ವ ದಿನವೂ ಹೇಳುತ್ತಾಳೆ. ನಾಲ್ಕು ದಿನವಾಯಿತು, ಅದಕ್ಕೆ ಒಂದು ಇರುವೆಯೂ ಬಂದಿಲ್ಲ.