ತಮ್ಮನ ಕೊರಳಿಗೆ ‘ಒಮೆಗಾ’ ಕಾರ್ಡ್ ಹಾಕಿದರು

ಮಂಗಳೂರಿನಲ್ಲಿ ವ್ಯಕ್ತಿತ್ವ ತರಬೇತಿ ಅಂತ ಹೇಳಿ ಹುಡುಗರಿಗೆ ತೋಳದ ಹಿಂಡಿನ ಲೆಕ್ಕದಲ್ಲಿ ಆಲ್ಫಾ (ಯಜಮಾನ), ಬೀಟಾ (ಅವನ ಕೆಳಗಿನವನು), ಒಮೆಗಾ (ಕಟ್ಟಕಡೆಯವನು) ಎಂದು ಹೆಸರಿಡುವ ಶಿಬಿರಕ್ಕೆ ನಿಮ್ಮ ಮನೆಯವರು ಹೊರಟಿದ್ದರೆ ದಯವಿಟ್ಟು ತಡೆಯಿರಿ.

ನನ್ನ ತಮ್ಮನಿಗೆ 22 ವರ್ಷ. ಡಿಪ್ಲೊಮಾ ಮುಗಿಸಿದ್ದ, ಎರಡು ಇಂಟರ್‌ವ್ಯೂ ಕೈತಪ್ಪಿತ್ತು. ಹಂಪನಕಟ್ಟೆ ಹತ್ತಿರದ ಒಂದು ಹಾಲ್‌ನಲ್ಲಿ ಮೊದಲ ದಿನ ಫ್ರೀ ಅಂತ ಹೋದ. ಮುಂದಿನ ಎರಡು ದಿನಕ್ಕೆ 6,500 ರೂಪಾಯಿ. ನಾನೇ ಕೊಟ್ಟೆ.

ಅಲ್ಲಿ ಪರಿಚಯವೇ ಇಲ್ಲದ ಹುಡುಗರನ್ನು ಎದುರುಬದುರು ನಿಲ್ಲಿಸಿ ಕೂಗಾಡಿಸಿದರು. ಕಣ್ಣು ತಗ್ಗಿಸಿದವರನ್ನು ಪಕ್ಕಕ್ಕೆ ಸರಿಸಿದರು. ತಮ್ಮನ ಕೊರಳಿಗೆ ‘ಒಮೆಗಾ’ ಎಂದು ಬರೆದ ಕಾರ್ಡ್ ಹಾಕಿದರು. ಅಂದರೆ ಹಿಂಡಿನಲ್ಲಿ ಎಲ್ಲರಿಂದ ಕಚ್ಚಿಸಿಕೊಳ್ಳುವ ಕಟ್ಟಕಡೆಯ ತೋಳ. ಊಟದ ಹೊತ್ತಿಗೂ ತೆಗೆಯುವ ಹಾಗಿರಲಿಲ್ಲ.

ಆಲ್ಫಾ ಆಗಬೇಕಾದರೆ ಸಾರಿ ಹೇಳಬೇಡ, ಬೀಟಾ ಗೆಳೆಯರನ್ನು ಬಿಟ್ಟುಬಿಡು ಅಂತ ಪಾಠ. ಮನೆಗೆ ಬಂದವನು ಅಪ್ಪನ ಎದುರು ಮೇಜು ಗುದ್ದಿ ಮಾತಾಡಿದ. ಒಂದನೇ ಕ್ಲಾಸಿನಿಂದ ಜೊತೆಗಿದ್ದ ಗೆಳೆಯನಿಗೆ, “ನಿನ್ನ ಜೊತೆ ಇದ್ದರೆ ನಾನು ಉದ್ಧಾರ ಆಗಲ್ಲ” ಅಂದ. ರಾತ್ರಿ ಒಬ್ಬನೇ ಅಳುತ್ತಿದ್ದ. ಆಮೇಲೆ ‘ಮುಂದಿನ ಹಂತ’ಕ್ಕೆ 18,000 ಕೇಳಿ ಫೋನ್ ಬಂತು. ಆಗ ನಾನು ಕೂತು ಓದಿದೆ.

ತೋಳಗಳಲ್ಲಿ ಕಾದಾಡಿ ಗೆದ್ದದ್ದೇ ಆಲ್ಫಾ ಎಂಬ ಈ ಮಾತಿನ ಬೇರು 1947ರ ಒಂದು ಬರಹ. ರುಡಾಲ್ಫ್ ಶೆಂಕೆಲ್ ಎಂಬವರು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದದ್ದು. ಅಮೆರಿಕದ ತೋಳ ಸಂಶೋಧಕ ಡೇವಿಡ್ ಮೀಚ್ 1970ರಲ್ಲಿ ತಮ್ಮ ಪುಸ್ತಕದಲ್ಲಿ ಅದನ್ನು ಎಲ್ಲೆಡೆ ಹರಡಿದರು. ಆಮೇಲೆ ಅವರೇ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದರು. ಅಲ್ಲಿ ಹಿಂಡು ಅಂದರೆ ಅಪ್ಪ, ಅಮ್ಮ, ಮರಿಗಳು ಅಷ್ಟೇ. ಕಾದಾಡಿ ಗೆದ್ದು ಯಜಮಾನ ಆಗುವುದಲ್ಲ, ಮರಿ ಹಾಕಿ ಆಗುವುದು. 1999ರಲ್ಲಿ ಇದನ್ನು ಬರೆದು, ಹಳೆಯ ಪುಸ್ತಕ ಅಚ್ಚು ಹಾಕಬೇಡಿ ಎಂದು ಪ್ರಕಾಶಕರನ್ನು ಕೇಳುತ್ತಲೇ ಬಂದರು. 2022ರಲ್ಲಿ ಅದು ನಿಂತಿತು. ತಪ್ಪು ಒಪ್ಪಿಕೊಂಡ ಆ ಹಿರಿಯರ ಮೇಲೆ ನನಗೆ ತುಂಬಾ ಗೌರವ.

ಕೋಳಿಗಳಲ್ಲಿ ಮೇಲು-ಕೀಳು ಉಂಟು, ಸುಳ್ಳಲ್ಲ. ನಾರ್ವೆಯ ಸಂಶೋಧಕ ಶೆಲ್ಡೆರುಪ್-ಎಬ್ಬೆ 1921ರಲ್ಲೇ ಬರೆದಿದ್ದಾರೆ. ಮುಲ್ಕಿ ಹತ್ತಿರದ ನಮ್ಮ ಹಿತ್ತಲಲ್ಲೂ ನುಚ್ಚು ಹಾಕಿದರೆ ಯಾವುದು ಯಾವುದನ್ನು ಕುಕ್ಕುತ್ತದೆ ಅಂತ ಅಮ್ಮನಿಗೆ ಗೊತ್ತು. ಆದರೆ ಹೊಸ ಕೋಳಿ ಒಂದು ಬಂದರೆ ಲೆಕ್ಕ ಬದಲು. ಅದು ಕೋಳಿಯ ಗುಣ ಅಲ್ಲ, ಆ ಗೂಡಿನ ಲೆಕ್ಕ. ತಮ್ಮನೂ ಹಾಗೇ ಅಲ್ವಾ? ಆ ಹಾಲ್‌ನಲ್ಲಿ ಬಾಯಿ ಬಿಡದವನು ಊರಿನ ವಾಲಿಬಾಲ್ ಅಂಕಣದಲ್ಲಿ ಇಡೀ ತಂಡವನ್ನು ಕೂಗಿ ಆಡಿಸುತ್ತಾನೆ.

ಮೊದಲ ದಿನ ಫ್ರೀ ಅಂದರೆ ಪೂರ್ತಿ ಫೀಸು ಎಷ್ಟು ಅಂತ ಅಲ್ಲೇ ಕೇಳಿ. ಹಣ ವಾಪಸ್ ಕೊಡುತ್ತಾರಾ ಅಂತ ಬರೆಸಿಕೊಳ್ಳಿ, ನಮಗೆ ಒಂದು ರೂಪಾಯಿಯೂ ಬರಲಿಲ್ಲ. ಮನೆಯ ಹುಡುಗ ಇದ್ದಕ್ಕಿದ್ದಂತೆ ಈ ಹೆಸರುಗಳಲ್ಲಿ ಜನರನ್ನು ಅಳೆಯತೊಡಗಿದರೆ ಬೈಯಬೇಡಿ. ಪಕ್ಕ ಕೂತು, ನಿನಗೆ ಅಲ್ಲಿ ಏನು ಹೆಸರಿಟ್ಟರು ಅಂತ ಕೇಳಿ.

ಮೊನ್ನೆ ನಾವಿಬ್ಬರೂ ಆ ಗೆಳೆಯನ ಮನೆಗೆ ಹೋಗಿದ್ದೆವು. ಅವನ ಅಮ್ಮ ಚಾ ಕೊಟ್ಟರು. ಅವನು ಕೋಣೆಯಿಂದ ಹೊರಗೆ ಬರಲಿಲ್ಲ. ಭಾನುವಾರ ಮತ್ತೆ ಹೋಗುತ್ತೇವೆ.