ಲಂಡನ್ನಿನಲ್ಲಿ ಊಟ: ಗ್ಯಾಸ್ಟ್ರೋಪಬ್ಬೋ, ಭಾರತೀಯ ಹೋಟೆಲೋ?

ಭಾನುವಾರ ಮಧ್ಯಾಹ್ನವಾದರೆ, ನೀವು ಮಾಂಸ ತಿನ್ನುವವರಾದರೆ, ಹೆಚ್ಚು ಯೋಚಿಸದೆ ಗ್ಯಾಸ್ಟ್ರೋಪಬ್ಬಿಗೇ, ಅಂದರೆ ಕುಡಿತದ ಜೊತೆ ಒಳ್ಳೆಯ ಅಡುಗೆಯೂ ಸಿಗುವ ಪಬ್ಬಿಗೇ, ಹೋಗಿ. ಒಲೆಯಲ್ಲಿ ಬೆಂದ ಮಾಂಸ, ಆಲೂಗಡ್ಡೆ, ಯಾರ್ಕ್‌ಷೈರ್ ಪುಡಿಂಗ್ (ಹೆಸರು ಹೀಗಿದ್ದರೂ ಸಿಹಿಯಲ್ಲ, ಹಿಟ್ಟು-ಮೊಟ್ಟೆಯ ಉಬ್ಬಿದ ತಿನಿಸು), ಮೇಲೆ ಬಿಸಿ ಗ್ರೇವಿ: ಇದು ಆ ನೆಲದ್ದೇ ಊಟ. ಈ ಬಗೆಯ ಪಬ್ಬುಗಳಿಗೆ ನಾಂದಿ ಹಾಡಿದ್ದು 1991ರಲ್ಲಿ ಫ್ಯಾರಿಂಗ್ಡನ್ ರಸ್ತೆಯ 'ದಿ ಈಗಲ್'. ಎಷ್ಟೋ ಪಬ್ಬುಗಳಲ್ಲಿ ಮೇಜಿಗೆ ಯಾರೂ ಬರುವುದಿಲ್ಲ. ನೀವೇ ಬಾರ್ ಕಟ್ಟೆಗೆ ಹೋಗಿ ಬೇಕಾದ್ದನ್ನು ಹೇಳಬೇಕು.

ಸಸ್ಯಾಹಾರಿಗಳಿಗೆ ಅಲ್ಲಿ ಸಿಗುವುದು ಒಂದೆರಡು ತಿನಿಸು ಮಾತ್ರ. ಅವರಿಗೆ ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ಬೀದಿಯೇ ಸರಿ. ದೋಸೆ, ಭೇಲ್‌ಪುರಿ, ಥಾಲಿ, ಪಬ್ಬಿಗಿಂತ ಕಡಿಮೆ ಹಣಕ್ಕೆ ಹೊಟ್ಟೆ ತುಂಬುತ್ತದೆ. ದೂರವೆನಿಸದಿದ್ದರೆ ದಕ್ಷಿಣ ಲಂಡನ್ನಿನ ಟೂಟಿಂಗ್‌ಗೆ ಹೋಗಿ. ತಮಿಳರ, ಮಲಯಾಳಿಗಳ ಅಡುಗೆ ಅಲ್ಲಿದೆ. ಪರದೇಶದ ಚಳಿಯಲ್ಲಿ ಬಿಸಿ ಸಾಂಬಾರಿಗಿಂತ ದೊಡ್ಡ ಸಮಾಧಾನ ನನಗೆ ಬೇರೊಂದಿಲ್ಲ.

ಒಂದು ಎಚ್ಚರಿಕೆ. ಬಡಾವಣೆಗಳ 'ಇಂಡಿಯನ್' ಫಲಕದ ಹೋಟೆಲುಗಳಲ್ಲಿ ಬಹಳಷ್ಟನ್ನು ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ ಮೂಲದವರು. ಅಲ್ಲಿನ 'ಮದ್ರಾಸ್ ಕರಿ' ಬ್ರಿಟನ್ನಿನಲ್ಲೇ ರೂಪುಗೊಂಡದ್ದು. ಅದರಲ್ಲಿ ಚೆನ್ನೈಯನ್ನು ಹುಡುಕದೆ ಉಂಡರೆ ರುಚಿಸುತ್ತದೆ.

ಎರಡೂ ಕಡೆ ಬಿಲ್ಲು ನೋಡಿಕೊಳ್ಳಿ. ಶೇ 12.5ರಷ್ಟು ಸೇವಾ ಶುಲ್ಕ ಆಗಲೇ ಸೇರಿದ್ದರೆ ಮತ್ತೆ ಟಿಪ್ಸ್ ಇಡಬೇಕಾಗಿಲ್ಲ.