ತಪ್ಪೊಪ್ಪಿಕೊಂಡವರ ಮೇಲ್ಮನವಿಗೆ ತುಮಕೂರಿನ ಉಚಿತ ಕಾನೂನು ನೆರವು: ಒಂದು ವಿಮರ್ಶೆ

ಶಿಕ್ಷೆ ಹೆಚ್ಚಾಯಿತೆಂದು ಮೇಲ್ಮನವಿ ಹಾಕಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರನ್ನು ನಂಬಬಹುದೇ ಎಂದು ಅನುಮಾನಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೊಳವೆಬಾವಿಯ ಕೇಬಲ್ ಕದ್ದ ಹಳೆಯ ಪ್ರಕರಣದಲ್ಲಿ ನನ್ನ ಸೋದರಮಾವನ ಮಗ, ಒಪ್ಪಿಕೊಂಡರೆ ದಂಡದಲ್ಲೇ ಮುಗಿಯುತ್ತದೆಂಬ ಮಾತು ನಂಬಿ ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಂಡ. ಬಿದ್ದದ್ದು ಆರು ತಿಂಗಳ ಸಾದಾ ಸಜೆ. ಖಾಸಗಿ ವಕೀಲರೊಬ್ಬರು ಇನ್ನು ಅಪೀಲೇ ಇಲ್ಲವೆಂದರು. ಮತ್ತೊಬ್ಬರು ಕೇಸನ್ನೇ ವಜಾ ಮಾಡಿಸುತ್ತೇನೆಂದು ಮುಂಗಡ ಕೇಳಿದರು. ಎರಡೂ ಸುಳ್ಳು.

ಪ್ರಾಧಿಕಾರದಿಂದ ನೇಮಕವಾದ ವಕೀಲರು ಅತ್ತೆಗೆ ಮೊದಲೇ ಹೇಳಿದರು: "ನೋಡೀಮ್ಮಾ, ಕದ್ದಿಲ್ಲ ಅಂತ ಈಗ ವಾದ ಮಾಡೋಕಾಗಲ್ಲ. ಶಿಕ್ಷೆ ಜಾಸ್ತಿ ಆಯ್ತು ಅಂತ ಮಾತ್ರ ಕೇಳಬಹುದು." ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 375ನೇ ಕಲಂ ಹೇಳುತ್ತಿದ್ದುದೂ ಅದನ್ನೇ, ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 416ನೇ ಕಲಂ. ಅತ್ತೆಗೆ ಬೇಸರವಾದರೂ, ಆಸೆ ಹುಟ್ಟಿಸದ ಈ ನೇರ ಮಾತೇ ನನಗೆ ಹಿಡಿಸಿತು.

ವಕೀಲರು ತೀರ್ಪಿನ ಕೊನೆಯ ಪುಟವನ್ನು ಪೆನ್ಸಿಲ್ ಹಿಡಿದು ಎರಡು ಸಲ ಓದಿದರು. ಹುಡುಗನಿಗೆ ಹಿಂದೆ ಯಾವ ಶಿಕ್ಷೆಯೂ ಆಗಿರಲಿಲ್ಲ. ಅಂಥವರನ್ನು 1958ರ ಪ್ರೊಬೇಷನ್ ಕಾಯ್ದೆಯಂತೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು, ಬಿಡದಿದ್ದರೆ ವಿಶೇಷ ಕಾರಣವನ್ನು ತೀರ್ಪಿನಲ್ಲೇ ದಾಖಲಿಸಬೇಕು. ಅಲ್ಲಿ ಕಾರಣದ ಒಂದು ಸಾಲೂ ಇರಲಿಲ್ಲ. ಮೇಲ್ಮನವಿ ನಿಂತದ್ದು ಬಹುಮಟ್ಟಿಗೆ ಈ ಖಾಲಿ ಜಾಗದ ಮೇಲೆ. ಸೆಷನ್ಸ್ ನ್ಯಾಯಾಲಯ ಮೊದಲು ಸಜೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಕೊನೆಗೆ ದೋಷಿಯೆಂಬ ತೀರ್ಪನ್ನು ಹಾಗೆಯೇ ಉಳಿಸಿ, ಒಂದು ವರ್ಷದ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಿ, ತೋಟದವರಿಗೆ ಕೇಬಲ್ಲಿನ ಪರಿಹಾರ ಕೊಡಬೇಕೆಂದಿತು. ಪರಿಹಾರ ನ್ಯಾಯವಾದದ್ದೇ.

ಕೊರತೆಯೆಂದರೆ, ವಕೀಲರ ಆಯ್ಕೆ ನಮ್ಮ ಕೈಯಲ್ಲಿರಲಿಲ್ಲ. ನಮಗೆ ಒಳ್ಳೆಯವರು ಸಿಕ್ಕಿದರು, ಅಷ್ಟೇ. ಶುಲ್ಕ ಕೇಳಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವವರಿಗೆ ಆದಾಯದ ಮಿತಿಯೂ ಅನ್ವಯಿಸುವುದಿಲ್ಲ. ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ ಮಾತ್ರ ಇರುವುದರಿಂದ, ಸಜೆಯಾದವರಿಗೆ ಉಚಿತವಾಗಿ ಸಿಗುವ ತೀರ್ಪಿನ ಪ್ರತಿಯನ್ನು ಅಂದೇ ಕೇಳಿ ಪಡೆದು ಪ್ರಾಧಿಕಾರದ ಕಚೇರಿಗೆ ಹೋಗಿ. ದೂರದ ತಾಲ್ಲೂಕಿನವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.